ಒಂದೂಕಾಲು ಎಕರೆ, ಎರಡು ಸೀಟಿ

ಕೊಡಗಿನಲ್ಲಿ ನೆಲದ ಮಾತನ್ನು ಎಕರೆ, ಸೆಂಟಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಹಾಕಿ ಮೈದಾನದ ಉದ್ದ 91.40 ಮೀಟರ್, ಅಗಲ 55 ಮೀಟರ್ ಎಂದರೆ ಯಾರೂ ಕಿವಿಗೊಡುವುದಿಲ್ಲ. ಒಂದೂಕಾಲು ಎಕರೆ ಎನ್ನಿ, ಅಷ್ಟರಲ್ಲಿ ಎಷ್ಟು ಕಾಫಿ ಗಿಡ ಹಿಡಿಯುತ್ತದೆ ಎಂಬ ಲೆಕ್ಕವೂ ಕೇಳುವವರ ಮನಸ್ಸಿನಲ್ಲಿ ಮುಗಿದಿರುತ್ತದೆ. ಈ ಒಂದೂಕಾಲು ಎಕರೆಯಲ್ಲಿ ಇಪ್ಪತ್ತೆರಡು ಮಂದಿ ಓಡುತ್ತಾರೆ. ಎಲ್ಲರ ಕೈಯಲ್ಲೂ ಕೋಲು. ನಡುವೆ ಹಾರುವ ಚೆಂಡು ಕ್ರಿಕೆಟ್ ಚೆಂಡಿನಷ್ಟೇ ಭಾರ, ಅಷ್ಟೇ ಗಟ್ಟಿ. ಇಷ್ಟನ್ನೂ ಕಾಯುವವರು ಇಬ್ಬರೇ. ತಲೆಗೆ ಅರುವತ್ತೆರಡು ಸೆಂಟ್ ಬಂತು.

ಆ ಇಬ್ಬರು ಎಲ್ಲಿ ನಿಲ್ಲಬೇಕು? ಬೇಲಿಯಾಚೆ ಕುಳಿತ ಪ್ರೇಕ್ಷಕನಿಗೆ ಇದು ಪ್ರಶ್ನೆಯೇ ಅಲ್ಲ. ಅವನ ಪಾಲಿಗೆ ಅಂಪೈರ್ ಯಾವಾಗಲೂ ತಪ್ಪು ಜಾಗದಲ್ಲಿಯೇ ಇರುತ್ತಾನೆ. ಆದರೆ ಹಾಕಿಯನ್ನು ಮನೆದೇವರಂತೆ ನೋಡುವ ಈ ಜಿಲ್ಲೆಯಲ್ಲಿ ಆಟದ ದೊಡ್ಡ ಹಬ್ಬವನ್ನು ಕಟ್ಟಿದವರೇ ಒಬ್ಬ ಅಂಪೈರ್. ಅವರ ಕಸುಬಿನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಲು ಅಷ್ಟು ನೆಪ ಸಾಕು.

ಪಂದಂಡ ಕುಟ್ಟಪ್ಪ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಹಾಕಿಯಲ್ಲಿ ಪ್ರಥಮ ದರ್ಜೆಯ ಪಂದ್ಯಗಳಿಗೆ ಸೀಟಿ ಊದಿದವರು. ಕೊಡವ ಒಕ್ಕಗಳು, ಅಂದರೆ ಮನೆತನಗಳು, ಚದುರಿಹೋಗುತ್ತಿವೆ, ಹುಡುಗರು ಬೆಂಗಳೂರು, ಮೈಸೂರು, ಸೈನ್ಯ ಎಂದು ಹೊರಟವರು ಒಕ್ಕದ ಮೂಲಮನೆಯಾದ ಐನ್‌ಮನೆಯ ದಾರಿಯನ್ನೇ ಮರೆಯುತ್ತಿದ್ದಾರೆ ಎಂಬ ಚಿಂತೆ ಅವರದು. ಒಟ್ಟುಗೂಡಿಸಲು ಸಭೆ ಕರೆದರೆ ಭಾಷಣ ಆಗುತ್ತದೆ, ಜಗಳವೂ ಆಗುತ್ತದೆ. ಹಾಕಿಗೆ ಕರೆದರೆ ಜಗಳ ಮೈದಾನದೊಳಗೇ ಮುಗಿಯುತ್ತದೆ. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ, ಸಹೋದರ ಕಾಶಿ ಪೊನ್ನಪ್ಪನವರ ಜೊತೆಗೂಡಿ ಅವರು ಮೊದಲ ಕೊಡವ ಕೌಟುಂಬಿಕ ಹಾಕಿ ನಮ್ಮೆಯನ್ನು, ಅಂದರೆ ಹಬ್ಬವನ್ನು, ನಡೆಸಿದರು. ಬಂದ ಕುಟುಂಬಗಳು 60. ಕಪ್ಪಿನ ಹೆಸರು ಪಂದಂಡ ಕಪ್. ಮುಂದಿನ ವರ್ಷ ಇನ್ನೊಂದು ಒಕ್ಕ ಹೊಣೆ ಹೊತ್ತಿತು, ಕಪ್ಪಿಗೆ ಆ ಒಕ್ಕದ ಹೆಸರು ಬಂತು. ಅಂದಿನಿಂದ ಪದ್ಧತಿ ಹಾಗೆಯೇ ನಡೆದಿದೆ.

ತಂಡ ಎಂದರೆ ಇಲ್ಲಿ ಒಕ್ಕ. ಒಂದೇ ಮನೆಹೆಸರಿನವರು ಮಾತ್ರ ಆಡಬೇಕು. ಅಜ್ಜ ಗೋಲಿನ ಬಾಯಲ್ಲಿ, ಮೊಮ್ಮಗಳು ಮುಂಚೂಣಿಯಲ್ಲಿ, ನಡುವೆ ರಾಜ್ಯ ತಂಡಕ್ಕೆ ಆಡಿದ ಅಳಿಯನೋ ಮಗನೋ. ಅಳಿಯ ಎಂದದ್ದು ತಪ್ಪಾಯಿತು. ಅಳಿಯ ಅವನ ಒಕ್ಕಕ್ಕೇ ಆಡಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರ ಒಂದು ಆಯ್ಕೆಯುಂಟು: ತವರಿನ ಪರವಾಗಿಯೂ ಆಡಬಹುದು, ಗಂಡನ ಮನೆಯ ಪರವಾಗಿಯೂ ಆಡಬಹುದು. ಆ ಆಯ್ಕೆಯ ಸುತ್ತ ಮನೆಗಳಲ್ಲಿ ನಡೆಯುವ ಮಾತುಕತೆಗೆ ಯಾವ ಅಂಪೈರೂ ಇಲ್ಲ.

ನಮ್ಮೆ ನಾಕೌಟ್ ಮಾದರಿಯದು. ಸೋತವರು ಮನೆಗೆ ಹೋಗುತ್ತಾರೆ. ಹಾಗಾಗಿ 60 ತಂಡ ಬಂದರೆ ಪಂದ್ಯಗಳು 59. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ನಮ್ಮೆಗೆ ಬಂದ ಕುಟುಂಬಗಳು 360. ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದ ಸರದಿ ಬಂದಾಗ ಸಂಖ್ಯೆ 396ಕ್ಕೆ ಏರಿತು. 395 ಪಂದ್ಯ, ಪ್ರತಿ ಪಂದ್ಯಕ್ಕೆ ಇಬ್ಬರು. ಒಂದು ತಿಂಗಳ ಚಿಲ್ಲರೆ ಅವಧಿಯಲ್ಲಿ 790 ಸಲ ಯಾರೋ ಒಬ್ಬರು ಸೀಟಿ ಕೊರಳಿಗೆ ಹಾಕಿಕೊಂಡು ಬಿಸಿಲಿಗೆ ಇಳಿಯಬೇಕು. ಆಟಗಾರರ ಲೆಕ್ಕ, ಊಟದ ಎಲೆಯ ಲೆಕ್ಕ, ಗ್ಯಾಲರಿಯ ಲೆಕ್ಕ ಎಲ್ಲವೂ ಪತ್ರಿಕೆಯಲ್ಲಿ ಬರುತ್ತದೆ. ಈ 790 ಯಾರ ಕಣ್ಣಿಗೂ ಬೀಳುವುದಿಲ್ಲ.

ಕೋಲಾಟಕ್ಕೆ ನ್ಯಾಯ ಹೇಳುವ ಕೆಲಸ ಕೊಡಗಿಗೆ ಹಾಕಿಯೊಂದಿಗೆ ಬಂದದ್ದಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ‘ಪರೆಯ ಕಳಿ’ ನಡೆಯುತ್ತದೆ. ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬನ ಕೈಯಲ್ಲಿ ಬಿದಿರಿನ ಗುರಾಣಿ. ಬೆತ್ತದವನು ಹೊಡೆಯಬಹುದು, ಆದರೆ ಮೊಣಕಾಲಿನ ಕೆಳಗೆ ಮಾತ್ರ. ಗುರಾಣಿಯವನು ತಡೆಯಬೇಕು, ಕುಣಿದು ತಪ್ಪಿಸಿಕೊಳ್ಳಬೇಕು. ಪೆಟ್ಟು ಮೊಣಕಾಲಿನ ಮೇಲೆ ಬಿತ್ತೋ ಕೆಳಗೆ ಬಿತ್ತೋ ಎಂಬ ತಕರಾರು ಬಂದರೆ ಸುತ್ತ ನಿಂತ ಹಿರಿಯರ ಮಾತೇ ತೀರ್ಪು. ಆ ಹಿರಿಯರು ನಿಂತದ್ದು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಊರಿನ ಮುಖ್ಯಸ್ಥ ತಕ್ಕ ಹೇಳಿದರೆ ಹೇಳಿದಂತೆ; ಒಕ್ಕದ ಹಿರಿಯ ಪಟ್ಟೇದಾರ ಕೈ ಎತ್ತಿದರೆ ಮುಗಿಯಿತು. ಅಲ್ಲಿ ಅಧಿಕಾರ ವಯಸ್ಸಿನದು, ಮನೆತನದ್ದು.

ಹಾಕಿ ತಂದ ವ್ಯವಸ್ಥೆ ಬೇರೆ. ಇಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿ ಅಂಪೈರ್ ಆಗಿದ್ದರೆ ಎಪ್ಪತ್ತು ವರ್ಷದ ನಿವೃತ್ತ ಕರ್ನಲ್ ಅವಳ ಕೈಸನ್ನೆಗೆ ತಲೆಬಾಗಬೇಕು. ಏಕೆಂದರೆ ಅವಳು ನೋಡಬಲ್ಲ ಜಾಗದಲ್ಲಿ ನಿಂತಿದ್ದಳು.

ಆದರೆ ಇಂಗ್ಲೆಂಡಿನಲ್ಲೂ ಆಟ ಮೊದಲಿನಿಂದಲೇ ಹೀಗಿರಲಿಲ್ಲ. 1886ರಲ್ಲಿ ಲಂಡನ್ನಿನಲ್ಲಿ ಹಾಕಿ ಅಸೋಸಿಯೇಷನ್ ಹುಟ್ಟಿ ನಿಯಮಗಳನ್ನು ಒಂದು ಮಾಡಿದ ಕಾಲಕ್ಕೆ ಅಂಪೈರ್ ಎಂದರೆ ಕರೆದಾಗ ಮಾತ್ರ ಬಾಯಿ ತೆರೆಯುವ ವ್ಯಕ್ತಿ. ಕ್ರಿಕೆಟ್ಟಿನಲ್ಲಿ ಇಂದಿಗೂ ಫೀಲ್ಡಿಂಗ್ ತಂಡದವರು ಕೂಗದೆ ಔಟ್ ಕೊಡುವಂತಿಲ್ಲವಲ್ಲ, ಹಾಗೆಯೇ ಹಾಕಿಯಲ್ಲೂ ಆಟಗಾರ ಅಹವಾಲು ಹೇಳಿದ ಮೇಲೆಯೇ ತೀರ್ಪು. ಮೈದಾನವನ್ನು ಎರಡು ಪಾಲು ಮಾಡಿ ಇಬ್ಬರಿಗೆ ಹಂಚಿಕೊಟ್ಟಿದ್ದರು. ಅವರವರ ಪಾಲಿನಲ್ಲಿ ಅವರವರ ಮಾತು. ಸಭ್ಯರು ಆಡುವ ಆಟದಲ್ಲಿ ತಪ್ಪು ಮಾಡಿದವನೇ ಒಪ್ಪಿಕೊಳ್ಳುತ್ತಾನೆ ಎಂಬುದು ಅದರ ಹಿಂದಿನ ನಂಬಿಕೆ. ನಂಬಿಕೆ ಹೆಚ್ಚು ದಿನ ಬಾಳಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಹವಾಲಿಗೆ ಕಾಯದೆ ತೀರ್ಪು ಕೊಡುವ ಅಧಿಕಾರ ಅಂಪೈರಿಗೆ ಬಂತು. ಅಂದಿನಿಂದ ಕರೆಯಿಸಿಕೊಳ್ಳುವವನು ನೋಡುವವನಾದ. ನೋಡುವವನಾದ ಮೇಲೆ ಕಾಲುಗಳಿಗೆ ಕೆಲಸ ಶುರುವಾಯಿತು.

ಇಬ್ಬರು ಮೈದಾನವನ್ನು ಹಂಚಿಕೊಳ್ಳುವ ಬಗೆ ಬಹಳ ಸರಳ, ಹಾಗೂ ಅಷ್ಟೇ ಜಾಣತನದ್ದು. ಒಬ್ಬ ಈ ಬದಿಯ ಸೈಡ್‌ಲೈನ್ ಹಿಡಿಯುತ್ತಾನೆ, ಇನ್ನೊಬ್ಬ ಎದುರು ಬದಿಯದು. ಮೈದಾನಕ್ಕೆ ಮುಖ ಮಾಡಿ ನಿಂತಾಗ ಬಲಗೈಯ ಕಡೆ ಕಾಣುವ ಗೋಲು ಆತನ ಹೊಣೆ. ಎದುರಿನವನಿಗೂ ಅವನ ಬಲಗೈಯ ಗೋಲು. ಹೀಗೆ ಇಬ್ಬರೂ ಮೂಲೆಯಿಂದ ಮೂಲೆಗೆ ಓರೆಯಾಗಿ ಒಬ್ಬರನ್ನೊಬ್ಬರು ನೋಡುತ್ತಾರೆ. ಆ ಅರ್ಧದಲ್ಲಿ ಬೀಳುವ ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್ ಎಲ್ಲಕ್ಕೂ ಆ ಅಂಪೈರೇ ಜವಾಬ್ದಾರ. ಪಂದ್ಯ ಮುಗಿಯುವವರೆಗೂ ಆ ಅರ್ಧ ಬದಲಾಗುವುದಿಲ್ಲ.

ಬಲಗೈಯೇ ಏಕೆ, ಎಡಗೈ ಏಕಲ್ಲ? ಉತ್ತರ ಸ್ಟಿಕ್‌ನಲ್ಲಿದೆ. ಹಾಕಿಯಲ್ಲಿ ಎಡಚರಿಗೆ ಬೇರೆ ಸ್ಟಿಕ್ ಇಲ್ಲ. ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಉಬ್ಬು. ಚಪ್ಪಟೆ ಮುಖದಲ್ಲಿಯೇ ಆಡಬೇಕು. ಆದ್ದರಿಂದ ಯಾವ ಆಟಗಾರನೇ ಆಗಲಿ, ಓಡುವಾಗ ಚೆಂಡನ್ನು ತನ್ನ ಬಲಬದಿಗೇ ಇಟ್ಟುಕೊಂಡು ಓಡುತ್ತಾನೆ. ಈಗ ಅಂಪೈರ್ ನಿಂತ ಜಾಗವನ್ನು ನೆನಪಿಸಿಕೊಳ್ಳಿ. ಅವನ ಬಲಗೈಯ ಗೋಲಿನತ್ತ ನುಗ್ಗುವ ದಾಳಿಗಾರನಿಗೆ ಅಂಪೈರ್ ಬಲಬದಿಯಲ್ಲಿ ಸಿಗುತ್ತಾನೆ. ಅಂದರೆ ಚೆಂಡಿಗೂ ಅಂಪೈರಿನ ಕಣ್ಣಿಗೂ ನಡುವೆ ದಾಳಿಗಾರನ ಮೈ ಅಡ್ಡ ಬರುವುದಿಲ್ಲ. ಎಡಬದಿಯಲ್ಲಿ ನಿಂತಿದ್ದರೆ ಬೆನ್ನು ಮಾತ್ರ ಕಾಣುತ್ತಿತ್ತು. ಯಾರು ಮೊದಲು ಇದನ್ನು ಕಂಡುಕೊಂಡರೋ, ಅವರು ಗದ್ದೆಯ ಅಂಚಿನಲ್ಲಿ ನಿಂತು ಕೆಲಸ ನೋಡಿದವರೇ ಇರಬೇಕು. 

ಚೆಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಂತೆ ಇಬ್ಬರೂ ಒಂದೇ ದಿಕ್ಕಿಗೆ ಸರಿಯುತ್ತಾರೆ. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳ ಹಾಗೆ, ನಡುವೆ ಮಾತ್ರ 55 ಮೀಟರ್. ಚೆಂಡು ಯಾರ ಗೋಲಿನತ್ತ ಹೊರಟಿತೋ ಆತ ಮುಂದೋಡಿ ಗೋಲಿನ ಮುಂದಿನ ವೃತ್ತದ ಹತ್ತಿರ ಕಾಯುತ್ತಾನೆ. ಇನ್ನೊಬ್ಬ ಹಿಂದಿನಿಂದ ನಡುಗೆರೆ ದಾಟಿ ಬಂದು, ಮುಂದಿನವನಿಗೆ ಕಾಣದ ಎಡಮೂಲೆಯನ್ನು ನೋಡಿಕೊಳ್ಳುತ್ತಾನೆ. ಆ ಎಡಮೂಲೆಯೇ ಈ ವ್ಯವಸ್ಥೆಯ ಸೋರುವ ಹಂಚು. ವೃತ್ತದ ಆಚೆ ಬದಿಯಲ್ಲಿ ಚೆಂಡು ರಕ್ಷಕನ ಕಾಲಿಗೆ ತಾಗಿತೇ, ಸ್ಟಿಕ್‌ನ ಉಬ್ಬು ಮುಖಕ್ಕೆ ತಾಗಿತೇ ಎಂದು ಹೇಳಲು ಹೊಣೆಗಾರ ಅಂಪೈರ್ ಮೈದಾನದೊಳಕ್ಕೇ ನುಗ್ಗಬೇಕು; ಒಳನುಗ್ಗಿದರೆ ಚೆಂಡಿನ ದಾರಿಗೆ ಅಡ್ಡ. ಹೊರಗಿದ್ದರೆ ಊಹೆ. ಒಳ್ಳೆಯ ಜೋಡಿಯಲ್ಲಿ ಇಂಥ ಹೊತ್ತಿಗೆ ಕಣ್ಣು ಕಣ್ಣು ಸೇರುತ್ತದೆ, ಆಚೆಯವನು ತೊಡೆಯ ಪಕ್ಕ ಬೆರಳನ್ನು ಸ್ವಲ್ಪ ಎತ್ತಿ ‘ಹೌದು’ ಎನ್ನುತ್ತಾನೆ. ಬೇಲಿಯ ಹೊರಗಿನವರಿಗೆ ಅದು ತಿಳಿಯುವುದೇ ಇಲ್ಲ. ದೊಡ್ಡ ಪಂದ್ಯಗಳಲ್ಲಿ ಈಗ ಕಿವಿಗೆ ರೇಡಿಯೊ ಬಂದಿದೆ. ಊರಿನ ಹುಲ್ಲು ಮೈದಾನದಲ್ಲಿ ಬೆರಳೇ ರೇಡಿಯೊ.

ಪೆನಾಲ್ಟಿ ಕಾರ್ನರ್ ಬಂದಾಗ ಈ ಹಂಚಿಕೆ ಇನ್ನೂ ಬಿಗಿಯಾಗುತ್ತದೆ. ಗೋಲುಕಂಬದಿಂದ 10 ಮೀಟರ್ ದೂರದಲ್ಲಿ ಹಿಂಗೆರೆಯ ಮೇಲೆ ಚೆಂಡು. ಗೋಲಿಯೂ ಸೇರಿ ಐವರು ರಕ್ಷಕರು ಗೆರೆಯ ಹಿಂದೆ, ಉಳಿದವರು ನಡುಗೆರೆಯ ಆಚೆ. ದಾಳಿಗಾರರು ವೃತ್ತದ ಹೊರಗೆ. ಚೆಂಡನ್ನು ತಳ್ಳಿದ ಕ್ಷಣದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಬೇಕಾದ್ದು ಒಂದೆರಡಲ್ಲ. ರಕ್ಷಕ ಮೊದಲೇ ಹೊರಟನೇ? ಚೆಂಡು ವೃತ್ತದ ಹೊರಗೆ ಹೋಗಿ ಬಂತೇ? ಮೊದಲ ಹೊಡೆತ 460 ಮಿಲಿಮೀಟರ್ ಎತ್ತರದ ಹಲಗೆಗಿಂತ ಮೇಲೆ ಹೋಯಿತೇ? ಯಾರ ಕಾಲಿಗೆ ತಾಗಿತು? ಇಷ್ಟನ್ನೂ ಒಬ್ಬನೇ ನೋಡಲು ಸಾಧ್ಯವಿಲ್ಲ. ಹತ್ತಿರದವನು ಗೆರೆಯನ್ನೂ ಗೋಲನ್ನೂ ನೋಡಿದರೆ ದೂರದವನು ವೃತ್ತದ ನೆತ್ತಿಯನ್ನೂ ನಡುಗೆರೆಯಿಂದ ಓಡಿ ಬರುವವರನ್ನೂ ನೋಡುತ್ತಾನೆ.

ಇದೇ ಇಕ್ಕಟ್ಟನ್ನು ಬೇರೊಂದು ರೀತಿಯಲ್ಲಿ ಬಿಡಿಸಿಕೊಂಡವರು ಅಮೆರಿಕದ ಬೇಸ್‌ಬಾಲ್ ಅಂಪೈರ್‌ಗಳು. ನಮ್ಮ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಆಡಿದವರಿಗೆ ಆ ಮೈದಾನದ ಆಕಾರ ಗೊತ್ತು: ತಲಾ 90 ಅಡಿ ಅಂತರದ ನಾಲ್ಕು ಬೇಸ್‌ಗಳ ಚೌಕ, ಅದರಾಚೆಗೆ ಬೀಸಣಿಗೆಯಂತೆ ಹರಡಿದ ಹುಲ್ಲು. ಅಲ್ಲಿನ ದೊಡ್ಡ ಲೀಗ್‌ನಲ್ಲಿ ನಾಲ್ವರು ಅಂಪೈರ್‌ಗಳಿರುತ್ತಾರೆ. ವರ್ಲ್ಡ್ ಸೀರೀಸ್‌ಗೆ 1909ರಲ್ಲಿಯೇ ನಾಲ್ವರು ಬಂದರು, ಮಾಮೂಲಿ ಪಂದ್ಯಗಳಿಗೆ 1952ರಲ್ಲಿ. ಆದರೆ ಹೈಸ್ಕೂಲು, ಊರಿನ ಲೀಗ್‌ಗಳಲ್ಲಿ ಇಂದಿಗೂ ಇಬ್ಬರೇ. ಒಬ್ಬ ಬ್ಯಾಟುಗಾರನ ಹಿಂದೆ. ಇನ್ನೊಬ್ಬ ಬೇಸ್‌ಗಳ ಉಸ್ತುವಾರಿಗೆ. ಬೇಸ್‌ಗಳಲ್ಲಿ ಓಟಗಾರರಿಲ್ಲದಿದ್ದರೆ ಈ ಎರಡನೆಯವನು ಮೊದಲ ಬೇಸಿನ ಗೆರೆಯ ಹೊರಗೆ ನಿಲ್ಲುತ್ತಾನೆ. ಮೊದಲ ಬೇಸಿಗೆ ಓಟಗಾರ ಬಂದನೋ, ಅವನು ಚೌಕದ ಒಳಕ್ಕೆ, ಎಸೆತಗಾರನ ಬೆನ್ನ ಹಿಂದಕ್ಕೆ ಬರುತ್ತಾನೆ. ಓಟಗಾರ ಎರಡನೆಯ ಅಥವಾ ಮೂರನೆಯ ಬೇಸಿನಲ್ಲಿದ್ದರೆ ಒಳಗಿನಿಂದಲೇ ಮೂರನೆಯ ಬೇಸಿನ ಬದಿಗೆ ವಾಲುತ್ತಾನೆ. ಓಟಗಾರ ಮೊದಲಿನಿಂದ ಮೂರಕ್ಕೆ ಓಡಿದರೆ ಬ್ಯಾಟಿನ ಹಿಂದಿದ್ದವನು ತನ್ನ ಜಾಗ ಬಿಟ್ಟು ಮೂರನೆಯ ಬೇಸಿನತ್ತ ಓಡಬೇಕು.

ಹಾಕಿಯ ಜೋಡಿ ನೆಲವನ್ನು ಪಾಲು ಮಾಡಿಕೊಂಡಿತು. ಬೇಸ್‌ಬಾಲ್ ಜೋಡಿ ಸಂದರ್ಭವನ್ನು ಪಾಲು ಮಾಡಿಕೊಂಡಿತು. ಎರಡರಲ್ಲೂ ಕೊನೆಗೆ ಉಳಿಯುವ ಕೊರತೆ ಒಂದೇ, ಮೂರನೆಯ ಜೊತೆ ಕಣ್ಣು.

ಹಾಕಿ ಕೊಡಗಿಗೆ ಬಂದ ದಾರಿ ಸೈನ್ಯದ್ದು ಮತ್ತು ಶಾಲೆಯದ್ದು. ಬ್ರಿಟಿಷರ ದಂಡುಗಳು ಹೋದಲ್ಲೆಲ್ಲ ಈ ಆಟ ಹೋಯಿತು; ಕಲ್ಕತ್ತೆಯಲ್ಲಿ ಬೈಟನ್ ಕಪ್ 1895ರಲ್ಲಿಯೇ ಶುರುವಾಗಿತ್ತು. ಸೈನ್ಯಕ್ಕೆ ಸೇರಿದ ಕೊಡಗಿನ ಹುಡುಗರು ರಜೆಗೆ ಬಂದಾಗ ಪೆಟ್ಟಿಗೆಯೊಂದಿಗೆ ಸ್ಟಿಕ್ಕನ್ನೂ ತಂದರು. ಈ ಪುಟ್ಟ ಜಿಲ್ಲೆಯಿಂದ ಭಾರತಕ್ಕೆ ಆಡಿದವರ ಸಂಖ್ಯೆ ಐವತ್ತು ದಾಟಿದೆ. ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚಿನ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಮಾಸ್ಕೋದ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ, ಆಮೇಲೆ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್. ಈ ಹೆಸರುಗಳನ್ನು ಕೊಡಗಿನ ಮಕ್ಕಳು ಮಗ್ಗಿಯ ಹಾಗೆ ಹೇಳುತ್ತಾರೆ.

ಇವರಲ್ಲಿ ಒಬ್ಬರ ಕೊರಳಿಗೆ ವಿಶ್ವಕಪ್ ಚಿನ್ನದ ಪದಕ ಬಿದ್ದ ದಿನದ ಕಥೆಯಲ್ಲಿ ಅಂಪೈರ್ ನಿಂತ ಜಾಗವೇ ಮುಖ್ಯ ಪಾತ್ರ. ಅದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಗಣೇಶ್ ನಾಯಕತ್ವದ ಭಾರತ ನೆದರ್‌ಲೆಂಡ್ಸ್‌ನಲ್ಲಿ ಅದೇ ದೇಶದ ವಿರುದ್ಧ ವಿಶ್ವಕಪ್ ಫೈನಲ್ ಆಡಿತ್ತು. 2-0 ಮುನ್ನಡೆ 2-2 ಆಯಿತು; ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಗೋಲಾಗಲಿಲ್ಲ; ಕೊನೆಗೆ ಟೈಬ್ರೇಕರ್‌ನಲ್ಲಿ ಕಪ್ ಕೈತಪ್ಪಿತು. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಮತ್ತೆ ಫೈನಲ್. ಎದುರಿಗೆ ಪಾಕಿಸ್ತಾನ. ತಂಡದಲ್ಲಿ ಗೋವಿಂದ. ಸ್ಕೋರು 1-1 ಇದ್ದಾಗ ಧ್ಯಾನ್‌ಚಂದ್‌ರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬದ ಬಳಿ ಬಡಿದು ಮಿಂಚಿನಂತೆ ಹೊರಗೆ ಚಿಮ್ಮಿತು. ಬಲೆ ಅಲುಗಲಿಲ್ಲ. ಒಳಗೆ ಹೋಗಿ ಬಂತೋ, ಕಂಬಕ್ಕೆ ಬಡಿದು ಹಾಗೆಯೇ ಮರಳಿತೋ? ಮಲೇಷ್ಯಾದ ಅಂಪೈರ್ ಜಿ. ವಿಜಯನಾಥನ್ ಗೋಲು ಎಂದರು. ಪಾಕಿಸ್ತಾನದ ಆಟಗಾರರು ಸುತ್ತುವರಿದರು, ಪ್ರತಿಭಟಿಸಿದರು. ವಿಜಯನಾಥನ್ ಕದಲಲಿಲ್ಲ. 2-1. ಭಾರತ ಗೆದ್ದ ಒಂದೇ ಒಂದು ಹಾಕಿ ವಿಶ್ವಕಪ್ ಅದು.

ಮರುಪ್ರಸಾರ ನೋಡಿ ತೀರ್ಮಾನಿಸುವ ವಿಡಿಯೊ ಅಂಪೈರ್ ಆಗ ಇರಲಿಲ್ಲ. 3.66 ಮೀಟರ್ ಅಗಲದ ಗೋಲಿನ ಒಂದು ಮೂಲೆಯಲ್ಲಿ ಅರೆಕ್ಷಣ ನಡೆದ ಸಂಗತಿ ಅದು. ವೃತ್ತದಿಂದ ಹತ್ತು ಹೆಜ್ಜೆ ಹಿಂದೆ ಉಳಿದಿದ್ದ ಅಂಪೈರ್ ಅದಕ್ಕೆ ಗೋಲು ಕೊಟ್ಟಿದ್ದರೆ ಅದು ಬರೀ ಧೈರ್ಯ ಎನಿಸಿಕೊಳ್ಳುತ್ತಿತ್ತು. ಅರ್ಧ ಶತಮಾನ ಕಳೆದರೂ ಗಡಿಯ ಎರಡೂ ಬದಿಯಲ್ಲಿ ಆ ಗೋಲಿನ ವಾದ ಮುಗಿದಿಲ್ಲ. ಒಂದು ಬದಿಯಲ್ಲಂತೂ ಮುಗಿಸುವ ಆತುರವೂ ಇಲ್ಲ.

ಮರುವರ್ಷ ಆಟದ ನೆಲವೇ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಸಲ ಕೃತಕ ಹಾಸಿನ ಮೇಲೆ ನಡೆಯಿತು. ಹುಲ್ಲಿನಲ್ಲಿ ಚೆಂಡು ನೆಗೆಯುತ್ತದೆ, ತಡೆಯುತ್ತದೆ, ಆಟಗಾರನಿಗೂ ಅಂಪೈರಿಗೂ ಉಸಿರಾಡಲು ಒಂದು ಕ್ಷಣ ಕೊಡುತ್ತದೆ. ಹಾಸಿನಲ್ಲಿ ಆ ಕ್ಷಣ ಇಲ್ಲ. ಚೆಂಡಿನ ಹಿಂದೆ ಓಡುತ್ತಿದ್ದ ಅಂಪೈರ್ ಈಗ ಚೆಂಡಿಗಿಂತ ಮೊದಲೇ ಹೋಗಿ ನಿಲ್ಲಬೇಕಾಯಿತು. ಕೊಡಗಿನ ಆಟಗಾರರು ಹುಲ್ಲಿನಲ್ಲಿ ಕಲಿತು ಹಾಸಿಗೆ ಒಗ್ಗಿಕೊಳ್ಳಲು ಪಟ್ಟ ಪಾಡಿನ ಬಗ್ಗೆ ಬಹಳ ಬರೆದಿದ್ದಾರೆ. ಅದೇ ಪಾಡು ಸೀಟಿ ಹಿಡಿದವರದೂ ಆಗಿತ್ತು. ಕೌಟುಂಬಿಕ ನಮ್ಮೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಏಪ್ರಿಲ್, ಮೇ ತಿಂಗಳ ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ ಬೆಳಿಗ್ಗೆ ಕೆಂಪು ದೂಳು, ಸಂಜೆ ಒಂದು ಮಳೆ ಬಿದ್ದರೆ ಕೆಸರು. ಹಾಸಿನ ಲೆಕ್ಕ ಕಲಿತ ಅಂಪೈರ್ ಇಲ್ಲಿ ಚೆಂಡು ಬರುತ್ತದೆ ಎಂದು ಮೊದಲೇ ಓಡಿ ಕಾಯುತ್ತಿದ್ದರೆ ಚೆಂಡು ನಡುವೆಯೇ ಮಲಗಿರುತ್ತದೆ.

ಇನ್ನೊಂದು ಬದಲಾವಣೆ ನಮ್ಮೆಯ ಹುಟ್ಟಿಗೆ ಸರಿಯಾಗಿ ಬಂತು. ಒಂದು ಶತಮಾನದಷ್ಟು ಕಾಲ ಅಂಪೈರ್‌ಗೆ ಅತಿ ದೊಡ್ಡ ತಲೆನೋವು ಆಫ್‌ಸೈಡ್. ಚೆಂಡು ಹೊಡೆದ ಕ್ಷಣದಲ್ಲಿ ಅದನ್ನು ಪಡೆಯುವವನ ಮುಂದೆ ರಕ್ಷಕರೆಷ್ಟು ಎಂದು ಎಣಿಸಬೇಕು. ಹೊಡೆಯುವವನು ಒಂದು ಕಡೆ, ಪಡೆಯುವವನು ಇನ್ನೊಂದು ಕಡೆ, ಕಣ್ಣು ಎರಡೂ ಕಡೆ. 1996ರಲ್ಲಿ ಪ್ರಯೋಗವಾಗಿ ಆಫ್‌ಸೈಡನ್ನು ಕೈಬಿಟ್ಟರು, 1998ಕ್ಕೆ ಅದು ಕಾಯಂ ಆಯಿತು. ಕರಡದಲ್ಲಿ 60 ಕುಟುಂಬಗಳು ಕೂಡಿದ 1997 ಈ ಎರಡು ವರ್ಷಗಳ ನಡುವೆ ಬರುತ್ತದೆ. ಪುಟ್ಟ ಮಕ್ಕಳು, ಅಜ್ಜಂದಿರು, ಸ್ಟಿಕ್ ಮುಟ್ಟದೆ ಹತ್ತು ವರ್ಷವಾದವರು ಎಲ್ಲ ಸೇರಿ ಆಡುವ ಪಂದ್ಯಗಳಲ್ಲಿ ಆಫ್‌ಸೈಡ್ ಎಣಿಸುವ ಪ್ರಸಂಗ ಇಲ್ಲವಾದದ್ದು ಎಂಥ ಉಪಕಾರ! ಇಲ್ಲದಿದ್ದರೆ ಪ್ರತಿ ಒಕ್ಕದಲ್ಲೂ ಎದುರಾಳಿ ಗೋಲಿನ ಪಕ್ಕದಲ್ಲಿಯೇ ಬೀಡುಬಿಡುವ ಒಬ್ಬ ಚಿಕ್ಕಪ್ಪನಾದರೂ ಇರುತ್ತಾನೆ, ಅವನಿಗಾಗಿಯೇ ನಿಮಿಷಕ್ಕೊಂದು ಸೀಟಿ ಬೇಕಾಗುತ್ತಿತ್ತು.

ನಮ್ಮೆಯ ಅಂಪೈರ್‌ಗೆ ನಿಜವಾದ ಕಷ್ಟ ನಿಯಮ ಪುಸ್ತಕದ ಹೊರಗಿದೆ. ಕೊಡವರಲ್ಲಿ ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಹಾಗಾಗಿ ಪ್ರತಿಯೊಬ್ಬ ಸಂಸಾರಸ್ಥನಿಗೂ ಕನಿಷ್ಠ ಮೂರು ಒಕ್ಕಗಳ ನಂಟು: ತನ್ನದು, ತಾಯಿಯ ತವರು, ಹೆಂಡತಿಯ ತವರು. ಅಕ್ಕತಂಗಿಯರು ಕೊಟ್ಟ ಮನೆಗಳು, ಮಗಳ ಮಾವನ ಮನೆ ಸೇರಿಸಿದರೆ ಲೆಕ್ಕ ಹತ್ತಕ್ಕೆ ಹೋಗುತ್ತದೆ. ಸೀಟಿ ಹಿಡಿದವನು ಕೊಡವನಾದರೆ 396 ತಂಡಗಳ ಪಟ್ಟಿಯಲ್ಲಿ ಅವನಿಗೆ ಪೂರ್ತಿ ಪರಕೀಯರು ಯಾರು? ಇತರ ಕಡೆ ಅಂಪೈರ್ ಎಂದರೆ ಹೊರಗಿನವನು, ಎರಡೂ ತಂಡಕ್ಕೆ ಸಂಬಂಧವಿಲ್ಲದವನು ಎಂಬುದೇ ಅವನ ನಿಷ್ಪಕ್ಷಪಾತಕ್ಕೆ ಆಧಾರ. ಇಲ್ಲಿ ಆ ಆಧಾರ ಸಡಿಲ. ಹತ್ತಿರ ಓಡಿ ಬಂದು, ಎಲ್ಲರಿಗೂ ಕಾಣುವಂತೆ ನೋಡಿ, ಆಮೇಲೆ ಕೈ ಎತ್ತಿದವನ ಮಾತನ್ನು ಸೋತ ಒಕ್ಕವೂ ಗೊಣಗುತ್ತಾ ನುಂಗಿಕೊಳ್ಳುತ್ತದೆ. ಮೂವತ್ತು ಮೀಟರ್ ದೂರದಿಂದ ಕೈ ಎತ್ತಿದವನಿಗೆ ಅವನ ಹೆಂಡತಿಯ ಮನೆಹೆಸರನ್ನು ನೆನಪಿಸುವವರು ಗ್ಯಾಲರಿಯಲ್ಲಿ ಖಂಡಿತ ಸಿಗುತ್ತಾರೆ. ಓಟಕ್ಕೆ ಇಲ್ಲಿ ನಿಯಮ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆ.

ಕುಟ್ಟಪ್ಪನವರು ಇದನ್ನೆಲ್ಲ ತಿಳಿದವರೇ. ಆಟಗಾರನೊಬ್ಬ ಈ ಹಬ್ಬ ಕಟ್ಟಿದ್ದರೆ ಬಹುಶಃ ಹತ್ತು ಬಲಿಷ್ಠ ತಂಡಗಳ ಟೂರ್ನಿ ಆಗುತ್ತಿತ್ತು. ಎರಡೂ ತಂಡಗಳನ್ನು ಪಕ್ಕದಿಂದ ನೋಡುವುದನ್ನು ರೂಢಿಸಿಕೊಂಡ ಮನುಷ್ಯನಿಗೆ ಸೋಲುವ ತಂಡವೂ ಬೇಕು, ಅದು ಮುಂದಿನ ವರ್ಷ ಮತ್ತೆ ಬರಬೇಕು ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಕಟ್ಟಿದ ಪದ್ಧತಿಯಲ್ಲಿ ಗೆದ್ದ ಒಕ್ಕಕ್ಕೆ ಕಪ್, ನಡೆಸಿದ ಒಕ್ಕಕ್ಕೆ ಕಪ್ಪಿನ ಮೇಲೆ ಹೆಸರು. ಕೊಡವ ಹಾಕಿ ಅಕಾಡೆಮಿಯ ಮೂಲಕ ಅವರು ಕೊನೆಯವರೆಗೂ ಅದರ ಬೆನ್ನಿಗಿದ್ದರು. 2018ರಲ್ಲಿ ಕುಲ್ಲೇಟಿರ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದ ನಮ್ಮೆ ಮುಗಿದ ಕೆಲವೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಬೆಟ್ಟಗಳು ಕುಸಿದವು. ಮರುವರ್ಷ ನಮ್ಮೆ ಇಲ್ಲ. ಆಮೇಲೆ ಕೊರೊನಾ. 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡಾಗ ಅವರು ಹಚ್ಚಿದ ದೀಪ ಮೈದಾನದಲ್ಲಿ ಉರಿಯುತ್ತಿರಲಿಲ್ಲ. ನಾಲ್ಕು ವರ್ಷದ ಮೌನದ ನಂತರ 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಮತ್ತೆ ಕರೆದಾಗ 336 ಒಕ್ಕಗಳು ಬಂದವು.

ಈ ಮೌನದ ನಡುವೆಯೇ ಕೊಡಗು ಇನ್ನೊಂದು ಸೀಟಿಯನ್ನು ಕಳೆದುಕೊಂಡಿತು. ಪುಚ್ಚಿಮಂಡ ಅನುಪಮಾ ಆಟಗಾರ್ತಿಯಾಗಿ ಶುರುಮಾಡಿ ಅಂಪೈರ್ ಆದವರು. ಚಿಲಿಯ ಸ್ಯಾಂಟಿಯಾಗೊದಲ್ಲಿ 2005ರಲ್ಲಿ ನಡೆದ ಮಹಿಳೆಯರ ಜೂನಿಯರ್ ವಿಶ್ವಕಪ್, 2013ರ ಕ್ವಾಲಾಲಂಪುರದ ಏಷ್ಯಾ ಕಪ್ ಸೇರಿದಂತೆ ಅನೇಕ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ನಿಂತಿದ್ದರು. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್‌ಗೆ ಬಲಿಯಾದಾಗ ಅವರಿಗೆ ಇನ್ನೂ ನಲವತ್ತರ ಆಸುಪಾಸು. ಕರ್ನಾಟಕದಿಂದ ಒಲಿಂಪಿಕ್ಸ್‌ವರೆಗೆ ಹೋದ ಅಂಪೈರ್ ಎಂದರೆ ಬೆಂಗಳೂರಿನ ರಘುಪ್ರಸಾದ್. ಲಂಡನ್, ರಿಯೊ, ಟೋಕಿಯೊ ಮೂರರಲ್ಲೂ ಸೀಟಿ ಊದಿದವರು. ಆಟಗಾರರ ಹೆಸರನ್ನು ಮಗ್ಗಿಯಂತೆ ಒಪ್ಪಿಸುವ ಕೊಡಗಿನ ಮಕ್ಕಳನ್ನು ಈ ಎರಡು ಹೆಸರು ಕೇಳಿ ನೋಡಿ, ಒಂದು ಕ್ಷಣ ಮಾತು ನಿಲ್ಲುತ್ತದೆ.

ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ, ಅಂಪೈರ್‌ಗಳು ಬದಲಿಸುವುದಿಲ್ಲ. ಈ ನಿಯಮದ ಪೂರ್ಣ ರುಚಿ ತಿಳಿಯಬೇಕಾದರೆ ನಮ್ಮೆಯ ಒಂದು ಮಧ್ಯಾಹ್ನ ಸೈಡ್‌ಲೈನಿನ ಬೇಲಿಗೆ ಒರಗಿ ನಿಲ್ಲಬೇಕು. ಮೊದಲರ್ಧದಲ್ಲಿ ಯಾವ ಗೋಲಿಗೆ ಬಿದ್ದ ಪೆನಾಲ್ಟಿ ಕಾರ್ನರ್ ಅನ್ಯಾಯ ಎಂದು ಬೇಲಿಯ ಹಿಂದಿನ ಅತ್ತೆ ಕೂಗಿದ್ದರೋ, ಅದೇ ಗೋಲಿಗೆ ಈಗ ಅವರ ಮನೆಯ ಹುಡುಗರು ದಾಳಿ ಮಾಡುತ್ತಿದ್ದಾರೆ. ಅಂಪೈರ್ ಅವರೇ, ನಿಂತ ಜಾಗವೂ ಅದೇ. ಚೆಂಡು ರಕ್ಷಕನ ಕಾಲಿಗೆ ತಾಗುತ್ತದೆ, ಸೀಟಿ ಮೊಳಗುತ್ತದೆ, ಕೈ ಗೋಲಿನತ್ತ ಚಾಚುತ್ತದೆ. ಬೇಲಿಯ ಹಿಂದಿನಿಂದ ಅತ್ತೆಯ ದನಿ ಕೇಳಿಸುತ್ತದೆ: ಈಗ ಸರಿಯಾಗಿ ನೋಡಿದ ನೋಡು.